ತುಳಸಿಕಟ್ಟೆಯ ತಂಬಿಗೆ

ಶುಕ್ರ ಗೌಡನ ಮೇಲಿನ ಕೊಲೆ ಮೊಕದ್ದಮೆ ಕಾರವಾರದ ಸೆಶನ್ಸ್ ಕೋರ್ಟಿನಲ್ಲಿ ವಿಚಾರಣೆಗೆ ಬಂದದ್ದು ೧೯೬೧ರ ಬೇಸಿಗೆಯಲ್ಲಿ. ಸತ್ತವನು ಅವನ ಅಣ್ಣ ಕುಪ್ಪ ಗೌಡ. ಕೊಲೆಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಸರಕಾರಿ ವಕೀಲರ ಕೈಯಲ್ಲಿದ್ದದ್ದು ಬರೀ ಸಾಂದರ್ಭಿಕ ಸಾಕ್ಷ್ಯ. ಅದು ನಿಂತರೆ ಶುಕ್ರನಿಗೆ ಗಲ್ಲು, ಬಿದ್ದರೆ ಬಿಡುಗಡೆ. ಸಾಕ್ಷಿ ಹೇಳಬೇಕಾದವರಲ್ಲಿ ಇಬ್ಬರನ್ನೂ ಹೆತ್ತ ಚೌಡಮ್ಮ ಇದ್ದಳು.

ಅವರ ಕೊಪ್ಪ, ಕೆಲವೇ ಮನೆಗಳ ಪುಟ್ಟ ಹಳ್ಳಿ, ಕುಮಟಾ ತಾಲೂಕಿನಲ್ಲಿ, ಅಘನಾಶಿನಿಯ ಹಿನ್ನೀರಿನ ದಂಡೆಯಲ್ಲಿತ್ತು. ಅಲ್ಲಿ ಹೊಳೆಗೆ ಮಣ್ಣಿನ ಒಡ್ಡು ಕಟ್ಟಿ ತಗ್ಗು ಗದ್ದೆಗಳಲ್ಲಿ ಭತ್ತ ಬೆಳೆಯುತ್ತಾರೆ. ಇವಕ್ಕೆ ಗಜನಿ ಎಂದು ಹೆಸರು. ಒಡ್ಡಿನಲ್ಲಿ ಮರದ ಬಾಗಿಲುಗಳಿರುತ್ತವೆ. ಸಮುದ್ರ ಉಬ್ಬುವ ಭರತದ ಹೊತ್ತಿಗೆ ಅವನ್ನು ಮುಚ್ಚದಿದ್ದರೆ ಉಪ್ಪುನೀರು ಒಳಗೆ ಬಂದು ಪೈರು ಸುಟ್ಟುಹೋಗುತ್ತದೆ. ಹಿಂದಿನ ವರ್ಷದ ಹೊಸತು ಹಬ್ಬಕ್ಕೆ ಸ್ವಲ್ಪ ಮೊದಲು, ನೀರಿನೊಂದಿಗೆ ಸೀಗಡಿಯೂ ಬರುತ್ತದೆಂಬ ಆಸೆಗೆ ಶುಕ್ರ ಭರತದಲ್ಲಿ ಬಾಗಿಲು ತೆರೆದು ಬಲೆ ಕಟ್ಟಿದ್ದ. ಪೈರಿನ ಒಂದು ಅಂಚು ಕೆಂಪಾಯಿತು. ಕುಪ್ಪ ತಮ್ಮನ ಕೆನ್ನೆಗೆ ನಾಲ್ಕು ಜನರ ಎದುರಿಗೇ ಹೊಡೆದ.

ಆಮೇಲಿನ ಮಂಗಳವಾರ ಸಂಜೆ ಬಾಗಿಲು ಮುಚ್ಚಲು ಹೋದ ಕುಪ್ಪ ಮನೆಗೆ ಬರಲಿಲ್ಲ. ಅವನಿಗೆ ಸಿಟ್ಟು ಬಂದರೆ ಗೇರುಸೊಪ್ಪದ ನೆಂಟರ ಮನೆಗೆ ಹೋಗಿ ಕೂರುವ ಅಭ್ಯಾಸವಿತ್ತು. ಈ ಸಲವೂ ಹಾಗೆಯೇ ಎಂದುಕೊಂಡು ಯಾರೂ ಹುಡುಕಲಿಲ್ಲ. ಶನಿವಾರ ಒಡ್ಡಿನ ಹೊರಗೆ, ಕಾಂಡ್ಲ ಗಿಡಗಳ ಬೇರಿಗೆ ಸಿಕ್ಕಿಕೊಂಡ ಅವನ ಹೆಣ ಕಂಡಿತು. ತಲೆಯ ಹಿಂಭಾಗ ಒಡೆದಿತ್ತು.

ಸರಕಾರಿ ವಕೀಲರು ತಮ್ಮ ವಾದವನ್ನು ಅಚ್ಚುಕಟ್ಟಾಗಿಯೇ ಕಟ್ಟಿದ್ದರು. ಹಗೆಗೆ ಕಾರಣ ಇತ್ತು. ಮಂಗಳವಾರ ಮುಸ್ಸಂಜೆ ಒಡ್ಡಿನ ಮೇಲೆ ಅಣ್ಣತಮ್ಮ ಇಬ್ಬರನ್ನೂ ಕಂಡೆನೆಂದು ಅಂಬಿಗರ ವೆಂಕಟ ಹೇಳಿದ. ಬಾಗಿಲಿಗೆ ಅಡ್ಡ ಹಾಕುವ ಹಳೆಯ ಮರದ ದಂಡ ಕಾಣೆಯಾಗಿ, ಅದರ ಜಾಗಕ್ಕೆ ಹೊಸದು ಬಂದಿತ್ತು. ಶುಕ್ರನ ಭುಜದ ಮೇಲೆ ತರಚಿದ ಗಾಯವಿತ್ತು.

ಶುಕ್ರನ ಪರವಾಗಿ ನಿಂತವರು ಕುಮಟೆಯ ಕೃಷ್ಣಾನಂದ ವಕೀಲರು. ದನಿ ಏರಿಸದೆ ಪ್ರಶ್ನೆ ಕೇಳುವವರು. ದೋಣಿಯಲ್ಲಿದ್ದ ವೆಂಕಟ ಎರಡನೆಯವನ ಮುಖ ನೋಡಿರಲಿಲ್ಲ, ನಡಿಗೆಯಿಂದ ಗುರುತು ಹಿಡಿದಿದ್ದ ಎಂಬುದನ್ನು ಅವನ ಬಾಯಿಂದಲೇ ಹೊರಡಿಸಿದರು. ಕೆಸರಿನಲ್ಲಿ ಯಾರು ನಡೆದರೂ ಹಾಗೇ ಅಲ್ಲವೇ ಎಂದು ಕೇಳಿದಾಗ ವೆಂಕಟ, ತನ್ನ ಹೆಂಡತಿ ಮಾತ್ರ ಕೆಸರಲ್ಲೂ ರಾಣಿಯ ಹಾಗೆ ನಡೆಯುತ್ತಾಳೆ ಎಂದ. ಕೋರ್ಟು ನಕ್ಕಿತು. ಆ ನಗೆಯಲ್ಲಿ ಅವನ ಸಾಕ್ಷ್ಯ ಮುಗಿಯಿತು. ದಂಡಗಳು ಉಪ್ಪುನೀರಿಗೆ ಲಡ್ಡಾಗಿ ಮುರಿಯುವುದು ಹೊಸತಲ್ಲ ಎಂದು ಪಕ್ಕದ ಗದ್ದೆಯವರೇ ಒಪ್ಪಿದರು. ಏಟು ಬಿದ್ದು ಒಡೆದ ತಲೆಯೋ, ಕಾಲು ಜಾರಿ ಬಾಗಿಲ ಕಲ್ಲಿಗೆ ಬಡಿದು ಒಡೆದ ತಲೆಯೋ ಎಂದು ಖಚಿತವಾಗಿ ಹೇಳಲು ಡಾಕ್ಟರರಿಗೆ ಆಗಲಿಲ್ಲ. ಹೆಣ ಅಷ್ಟು ದಿನ ನೀರಿನಲ್ಲಿತ್ತು.

ಆಮೇಲೆ ಚೌಡಮ್ಮನನ್ನು ಕರೆದರು. ಜಗಳ ನಡೆದದ್ದು ಹೌದು, ಕುಪ್ಪ ಸಂಜೆ ಹೊರಟದ್ದು ಹೌದು, ಶುಕ್ರ ಮನೆಗೆ ಬಂದಾಗ ಕತ್ತಲಾಗಿತ್ತು ಎಂದು ಅವಳು ಸರಕಾರಿ ವಕೀಲರಿಗೆ ಹೇಳಿದಳು. ಪಾಟೀಸವಾಲಿಗೆ ಎದ್ದ ಕೃಷ್ಣಾನಂದರು ಹೊಸತು ಹಬ್ಬದ ಮಾತು ತೆಗೆದರು. ಹಬ್ಬ ಬಂದದ್ದು ಗುರುವಾರ, ಹೆಣ ಸಿಗುವ ಮೊದಲು. ಮನೆಯ ಹಿರಿಯ ಗಂಡಸು ಗದ್ದೆಯಿಂದ ಹೊಸ ಕದಿರು ತಂದು ದೇವರ ಮುಂದಿಟ್ಟು ಬಾಗಿಲಿಗೆ ಕಟ್ಟಬೇಕು.

“ಅಣ್ಣ ಇಲ್ಲ ಅಂತ, ಕದಿರು ತರಲಿಕ್ಕೆ ಶುಕ್ರನಿಗೆ ಹೇಳಿದ್ದೆಯಾ ಅಮ್ಮ?”

“ಹೌದು ಒಡ್ಯಾ.”

“ಅವನು ಏನು ಹೇಳಿದ?”

“ಅಣ್ಣ ಬರ್ಲಿ, ಅಣ್ಣನೇ ತರ್ಲಿ ಅಂದ.”

ವಕೀಲರು ಸಾಕೆಂದು ಕುಳಿತರು. ಅಣ್ಣ ಸತ್ತದ್ದು ಗೊತ್ತಿರುವವನು, ಅಣ್ಣನ ಜಾಗದಲ್ಲಿ ನಿಲ್ಲಲು ಕಾದಿರುವವನು ಹೀಗೆ ಮಾತನಾಡುತ್ತಾನೆಯೇ ಎಂಬುದು ಅವರ ವಾದ. ಈ ಸಂಗತಿಯನ್ನು ಅವರಿಗೆ ಜೈಲಿನಲ್ಲಿ ತಿಳಿಸಿದವನು ಶುಕ್ರನೇ. ಸರಕಾರಿ ವಕೀಲರು ಮರುಸವಾಲಿಗೆ ಅರ್ಧ ಎದ್ದರು, ಯೋಚಿಸಿದರು, ಕುಳಿತರು. ಕಟಕಟೆಯ ಮರವನ್ನು ಹಿಡಿದಿದ್ದ ಚೌಡಮ್ಮನ ಕೈ ಆಗ ಸಡಿಲಾಯಿತು. ಬಾಗಿಲ ಬಳಿ ನಿಂತಿದ್ದ ಸೊಸೆ, ಕುಪ್ಪನ ಹೆಂಡತಿ ಹೊನ್ನಿ, ನೆಲ ನೋಡುತ್ತಿದ್ದಳು.

ಅವರಿಬ್ಬರಿಗೂ ಗೊತ್ತಿದ್ದ ಇನ್ನೊಂದು ಸಂಗತಿಯನ್ನು ಯಾರೂ ಕೇಳಲಿಲ್ಲ.

ಆ ಮನೆಯ ಗಂಡಸರು ಬೆಳಿಗ್ಗೆ ಮಿಂದು, ಅಂಗಳದ ತುಳಸಿಗೆ ಒಂದು ತಂಬಿಗೆ ನೀರು ಹಾಕದೆ ಗಂಜಿಗೆ ಕೂರುವುದಿಲ್ಲ. ತಂಬಿಗೆ ತುಂಬಿ ಕಟ್ಟೆಯ ಮೇಲಿಡುವುದು ಚೌಡಮ್ಮನ ಕೆಲಸ. ನೀರು ಹಾಕುವುದು ನಿಲ್ಲುವುದು ಮನೆತನದಲ್ಲಿ ಸಾವಾದಾಗ ಮಾತ್ರ. ಸೂತಕ ಕಳೆಯುವವರೆಗೆ ಯಾರೂ ತುಳಸಿ ಮುಟ್ಟುವುದಿಲ್ಲ, ದೇವರ ಕೋಣೆಗೆ ಕಾಲಿಡುವುದಿಲ್ಲ, ಕದಿರು ತರುವುದಂತೂ ಇಲ್ಲ. ಬುಧವಾರ ಬೆಳಿಗ್ಗೆ ಶುಕ್ರ ತಂಬಿಗೆ ಮುಟ್ಟಲಿಲ್ಲ. ಕಟ್ಟೆಯನ್ನು ದೂರದಿಂದ ಬಳಸಿ ಬಂದು, ಒಳಗೆ ಬರದೆ ಜಗಲಿಯಲ್ಲೇ ಗಂಜಿ ಕುಡಿದ. ಗುರುವಾರವೂ, ಶುಕ್ರವಾರವೂ ಹಾಗೆಯೇ. ಶನಿವಾರ ಹೆಣ ಸಿಕ್ಕ ಮೇಲೆ ಇಡೀ ಮನೆಗೆ ಸೂತಕ ಬಂತು. ಅವನ ನಡತೆ ಎಲ್ಲರ ನಡತೆಯಲ್ಲಿ ಸೇರಿಹೋಯಿತು.

ಅಣ್ಣನನ್ನು ಹೊಡೆದು ಕೊಂದವನಿಗೆ ಅಣ್ಣನ ಸೂತಕ ಮುರಿಯಲು ಧೈರ್ಯ ಬಂದಿರಲಿಲ್ಲ.

ಹೊನ್ನಿ ಇದನ್ನು ಪೊಲೀಸರಿಗೆ ಹೇಳಲು ಹೊರಟಿದ್ದಳು. ಚೌಡಮ್ಮ ಅವಳ ಕೈ ಹಿಡಿದು ಅತ್ತಿದ್ದಳು. ಒಬ್ಬನನ್ನು ಹೊಳೆ ತಿಂದಿತು, ಉಳಿದವನನ್ನು ಹಗ್ಗಕ್ಕೆ ಕೊಡಬೇಡ ಎಂದು ಬೇಡಿದ್ದಳು. ಹೊನ್ನಿ ಕೊನೆಗೆ ಒಂದು ಮಾತು ಹೇಳಿದ್ದಳು: “ಕೇಳಿದ್ರೆ ಸುಳ್ಳು ಹೇಳೂದಿಲ್ಲ ಅತ್ತೆ. ಕೇಳ್ದೇ ಇದ್ರೆ ನಾನಾಗಿ ಹೇಳೂದಿಲ್ಲ.”

ತೀರ್ಪಿನಲ್ಲಿ ನ್ಯಾಯಾಧೀಶರು ಪ್ರತಿಯೊಂದು ಸಂದರ್ಭವನ್ನೂ ಬೇರೆಬೇರೆಯಾಗಿ ತೂಗಿದರು. ಹಗೆ ಇತ್ತೆಂಬುದನ್ನು ಒಪ್ಪಿದರು; ಆದರೆ ಹಗೆ ಇದ್ದವರೆಲ್ಲ ಕೊಲ್ಲುವುದಿಲ್ಲ ಎಂದು ಬರೆದರು. ಮುಸ್ಸಂಜೆಯ ಗುರುತನ್ನು ನಂಬಲಾಗದು. ದಂಡ, ಗಾಯ, ಎರಡಕ್ಕೂ ಅಪರಾಧವಲ್ಲದ ಬೇರೆ ವಿವರಣೆ ಸಾಧ್ಯ. ಹಬ್ಬದ ದಿನದ ನಡತೆ ಆರೋಪಿಯ ಕಡೆಗೇ ವಾಲುತ್ತದೆ. ಸಂಶಯದ ಲಾಭ ಕೊಟ್ಟು ಅವನನ್ನು ಬಿಡುಗಡೆ ಮಾಡಿದರು. ಇದ್ದ ಸಾಕ್ಷ್ಯದ ಮೇಲೆ ಬೇರೆ ತೀರ್ಪು ಬರಲು ಸಾಧ್ಯವಿರಲಿಲ್ಲ.

ಶುಕ್ರ ಮನೆಗೆ ಬಂದ. ಮರುದಿನ ಬೆಳಿಗ್ಗೆ ಮಿಂದು, ತಾಯಿ ತುಂಬಿಟ್ಟ ತಂಬಿಗೆ ಎತ್ತಿ ತುಳಸಿಗೆ ನೀರು ಹಾಕಿದ. ಅದರ ಮರುದಿನವೂ ಹಾಕಿದ. ಮಾತು ಕಡಿಮೆ, ಕೆಲಸ ಜಾಸ್ತಿ. ಒಡ್ಡು ಕಟ್ಟಿದ, ಬಾಗಿಲು ರಿಪೇರಿ ಮಾಡಿದ. ಮನೆ ಮೊದಲಿನಂತಾಯಿತೆಂದು ಚೌಡಮ್ಮ ನೆರೆಯವರಿಗೆ ಹೇಳತೊಡಗಿದಳು.

ಒಂದು ಸಂಜೆ ಊಟಕ್ಕೆ ಬಡಿಸುತ್ತಿದ್ದ ಹೊನ್ನಿ ಕೇಳಿಯೇಬಿಟ್ಟಳು. “ಬುಧವಾರದಿಂದ ತುಳಸಿಗೆ ನೀರು ಎಂತಕ್ಕೆ ಹಾಕ್ಲಿಲ್ಲ ನೀನು?”

ಶುಕ್ರ ತುತ್ತು ನುಂಗಿದ. “ಯಾವ ಬುಧವಾರ ಅತ್ಗೆ?”

“ನಿಂಗೊತ್ತುಂಟು.”

ಚೌಡಮ್ಮ ಸೊಸೆಯನ್ನು ಒಲೆಯ ಕಡೆ ಕಳಿಸಲು ನೋಡಿದಳು. ಹೊನ್ನಿ ಅಲುಗಲಿಲ್ಲ. ಸರಕಾರ ಇನ್ನೂ ಅಪೀಲು ಹೋಗಬಹುದಂತೆ, ಸಂತೆಯ ದಿನ ಕುಮಟೆಗೆ ಹೋಗಿ ವಿಚಾರಿಸುತ್ತೇನೆ ಎಂದಳು. ತಾನು ಕೊಟ್ಟ ಮಾತು ಕೋರ್ಟಿನ ಮಟ್ಟಿಗೆ ಮಾತ್ರ, ಅದು ಕೋರ್ಟಿನಲ್ಲೇ ಮುಗಿಯಿತು ಎಂದೂ ಹೇಳಿದಳು. ಶುಕ್ರ ಬಟ್ಟಲಲ್ಲಿ ಕೈ ತೊಳೆದ.

“ಅವ್ವಂಗೂ ಗೊತ್ತುಂಟಾ?” ಎಂದು ಕೇಳಿದ. ಉತ್ತರ ಬರುವ ಮೊದಲೇ ಎದ್ದು ಹೋದ.

ಸಂತೆಯ ಹಿಂದಿನ ದಿನ ಬೆಳಗಿನ ಜಾವ ಇಳಿತವಿತ್ತು. ಹೆಂಗಸರು ಹೊಳೆಯಲ್ಲಿ ಬಳಚು ಚಿಪ್ಪು ಹೆಕ್ಕುವ ಹೊತ್ತು. ಹೊನ್ನಿ ಬುಟ್ಟಿ ಹಿಡಿದು ಹೋದಳು. ಚೌಡಮ್ಮ ಅಂಗಳ ಸಾರಿಸಿ, ತಂಬಿಗೆ ತುಂಬಿ ಕಟ್ಟೆಯ ಮೇಲಿಟ್ಟು, ಗಂಜಿ ಬೇಯಿಸಿದಳು.

ಬಿಸಿಲು ಅಂಗಳಕ್ಕೆ ಬರುವಾಗ ಶುಕ್ರ ಒಡ್ಡಿನ ಕಡೆಯಿಂದ ಬಂದ. ಬಾವಿಯಲ್ಲಿ ಮಿಂದ; ಎಂದಿಗಿಂತ ಹೆಚ್ಚು ಹೊತ್ತು ಮಿಂದ. ಒದ್ದೆ ತಲೆಯಲ್ಲಿ ಅಂಗಳದ ಅಂಚು ಹಿಡಿದು, ತುಳಸಿಕಟ್ಟೆಯನ್ನು ದೂರದಿಂದ ಬಳಸಿ ಬಂದು ಜಗಲಿಯಲ್ಲಿ ಕುಳಿತ.

ಚೌಡಮ್ಮ ಬಾಗಿಲಲ್ಲಿ ನಿಂತಳು. “ಒಳಗೆ ಬಾ ತಮಾ. ಗಂಜಿ ಆಯ್ತು.”

“ಇಲ್ಲೇ ಕೊಡು ಅವ್ವಾ.”

ಅವಳು ಅವನ ತಲೆಯ ಮೇಲಿಂದ ಕಟ್ಟೆಯ ಕಡೆ ನೋಡಿದಳು. ತಂಬಿಗೆ ತುಂಬಿಯೇ ಇತ್ತು. ಭರತ ಆಗಲೇ ಏರತೊಡಗಿತ್ತು. ಬಳಚಿಗೆ ಹೋದ ಹೆಂಗಸರು ಒಬ್ಬೊಬ್ಬರಾಗಿ ಬುಟ್ಟಿ ಹೊತ್ತು ಬೇಲಿಯಾಚೆ ಹಾದುಹೋಗುತ್ತಿದ್ದರು. ಕೊನೆಯವಳು ಮಾದಿ. ಅವಳು ನಿಂತು, ಹೊನ್ನಿ ಮೊದಲೇ ಬಂದುಬಿಟ್ಟಳಾ ಎಂದು ಕೇಳಿದಳು.