ಮಂಚಮ್ಮ ಹಾಡಿದ ಒಂದು ಸಾಲು

ಹರವೆಯ ಮರಿಯಯ್ಯನ ಬಲಗೈಯಲ್ಲಿ ಉಳಿದಿದ್ದುದು ಹೆಬ್ಬೆರಳು ಮತ್ತು ಕಿರುಬೆರಳು. ಮಿಕ್ಕ ಮೂರನ್ನು ಆಲೆಮನೆಯ ಗಾಣ ತೆಗೆದುಕೊಂಡಿತ್ತು. ಅದಕ್ಕೆ ಮುಂಚೆ ಅವನು ಹನ್ನೊಂದು ವರ್ಷ ನಾಟಕದ ಕಂಪನಿಯೊಂದರಲ್ಲಿ ಹಾರ್ಮೋನಿಯಂ ನುಡಿಸಿದ್ದ. ಕಂಪನಿ ಮುಚ್ಚಿತು, ಊರಿಗೆ ಬಂದ, ಕಬ್ಬು ಅರೆಯಲು ಸೇರಿದ ಎರಡನೆಯ ತಿಂಗಳಲ್ಲಿ ಕೈ ಸಿಕ್ಕಿಕೊಂಡಿತು. ಗಾಯ ಮಾಗಿದ ಮೇಲೆ ಒಂದು ದಿನ ಪೆಟ್ಟಿಗೆಯ ಮುಂದೆ ಕೂತು, ಎಡಗೈಯಲ್ಲಿ ನುಡಿಸಲು ನೋಡಿದ. ತಿದಿ ಒತ್ತಲು ಬಲಗೈ ಒಗ್ಗಲಿಲ್ಲ. ಹೆಂಡತಿ ಈರಮ್ಮ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದವಳು ಕೈ ನಿಲ್ಲಿಸಿ ಕೇಳಿಸಿಕೊಂಡಳು, ಆಮೇಲೆ ಮತ್ತೆ ಬೆಳಗತೊಡಗಿದಳು. ಹಾರ್ಮೋನಿಯಂ ಅಟ್ಟಕ್ಕೆ ಹೋಯಿತು.

ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಗುಂಡ್ಲುಪೇಟೆಯ ಊಟಿ ರಸ್ತೆಯ ಪಕ್ಕದ ಬಯಲಿನಲ್ಲಿ ಗುರುಮಲ್ಲಯ್ಯ ಎಂಬವರು ಡೇರೆ ಸಿನಿಮಾ ಹಾಕಿದರು. ಆಟಕ್ಕೆ ಮುಂಚೆ ಜನ ಕೂಡಲೆಂದು ಒಂದು ಗಂಟೆ ಹೊತ್ತು ಮೈಕಿನಲ್ಲಿ ಗ್ರಾಮಫೋನ್ ಪ್ಲೇಟು ಹಾಕುವ ಕೆಲಸ ಮರಿಯಯ್ಯನಿಗೆ ಸಿಕ್ಕಿತು. ಪ್ಲೇಟು ಇಡುವುದು, ಮುಳ್ಳು ಬದಲಿಸುವುದು, ಮುಗಿದಾಗ ತಿರುವಿ ಹಾಕುವುದು. ಎರಡು ಬೆರಳು ಸಾಕು.

ಡೇರೆಯಲ್ಲಿ ಪ್ಲೇಟು ಹಾಕಲು ಡೈನಮೋದಿಂದ ಓಡುವ ಒಂದು ಮೆಷಿನ್ನಿತ್ತು. ಅದು ಕೆಟ್ಟಾಗ ಬೇಕೆಂದು ಮರಿಯಯ್ಯ ಹಳೆಯ ಕಂಪನಿಯಿಂದ ತಂದಿದ್ದ ಕೀ ಕೊಡುವ ಗ್ರಾಮಫೋನನ್ನೂ ಪಕ್ಕದಲ್ಲಿಟ್ಟು, ಅದರ ಬಾಯಿಗೆ ಮೈಕು ನಿಲ್ಲಿಸಿದ್ದ. ಒಂದು ಸಂಜೆ ಮೆಷಿನ್ನಿನ ಮೇಲಿನ ಪ್ಲೇಟಿನಲ್ಲಿ ಹಾಡು ಮುಗಿದು ತಂಬೂರಿ ಮಾತ್ರ ಮೀಟುತ್ತಿತ್ತು. ಅದನ್ನು ನಿಲ್ಲಿಸುವುದರೊಳಗೆ, ಮುಂದಿನ ಹಾಡಿಗೆಂದು ಅವನು ಮುಳ್ಳು ಇಳಿಸಿದ್ದ ಪಕ್ಕದ ಗ್ರಾಮಫೋನಿನಲ್ಲಿ ನಾಗಸ್ವರ ಎದ್ದಿತು. ನಾಲ್ಕು ಉಸಿರು ಎಳೆಯುವಷ್ಟು ಹೊತ್ತು ಎರಡೂ ಒಟ್ಟಿಗೆ ಕೇಳಿದವು. ಒಂದು ಮದ್ರಾಸಿನಲ್ಲಿ ತೆಗೆದದ್ದು, ಇನ್ನೊಂದು ಎಲ್ಲಿಯದೋ. ಒಬ್ಬರನ್ನೊಬ್ಬರು ಕಂಡಿರದ ಇಬ್ಬರು ಒಂದೇ ಚಾಪೆಯ ಮೇಲೆ ಕೂತು ನುಡಿಸಿದ ಹಾಗಿತ್ತು. ಟಿಕೇಟಿಗೆ ನಿಂತ ಜನಕ್ಕೆ ಏನೂ ತಿಳಿಯಲಿಲ್ಲ. ಮರಿಯಯ್ಯನಿಗೆ ಮೈ ಜುಮ್ಮೆಂದಿತು.

ಅಂದಿನಿಂದ ಅವನು ಮಧ್ಯಾಹ್ನವೇ ಡೇರೆಗೆ ಬರತೊಡಗಿದ. ಗ್ರಾಮಫೋನಿಗೆ ವೇಗ ಹೆಚ್ಚು ಕಡಿಮೆ ಮಾಡುವ ಸಣ್ಣ ತಿರುಪೊಂದಿತ್ತು. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಶ್ರುತಿ ಏರುತ್ತದೆ, ಇಳಿಯುತ್ತದೆ. ಹಾರ್ಮೋನಿಯಂ ನುಡಿಸಿದ ಕಿವಿ ಅದಕ್ಕೆ ಒದಗಿತು. ಪ್ಲೇಟಿನ ಮೇಲೆ ಎಲ್ಲಿ ಮುಳ್ಳು ಇಳಿಸಬೇಕೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದ. ಒಂದು ಪ್ಲೇಟಿನ ತಂಬೂರಿ, ಇನ್ನೊಂದರ ನಾಗಸ್ವರದ ತುಂಡು, ಹಾಸ್ಯದ ಪ್ಲೇಟೊಂದರಲ್ಲಿ ಮುದುಕನೊಬ್ಬ ನಗುತ್ತಾ ಕೆಮ್ಮುವುದು, ಇವನ್ನೆಲ್ಲ ಒಂದರ ಬಾಲಕ್ಕೆ ಒಂದನ್ನು ಕಟ್ಟಿದ. ನಡುವೆ ಹಳೆಯ ನಾಟಕದ ಪ್ಲೇಟೊಂದರ ಸಾಲು ಮೂರು ಸಲ ಬರುತ್ತಿತ್ತು. ಅಕ್ಕತಂಗಿಯರು ಹೊಳೆ ದಾಟುವ ಹಾಡು ಅದು. ಅಕ್ಕ ಹಾಡಿಕೊಂಡು ಮುಂದೆ ಹೋಗುತ್ತಾಳೆ, ಹಿಂದಿನಿಂದ ಎಳೆಯ ದನಿಯೊಂದು "ಅಕ್ಕಾ, ನಿಲ್ಲೇ, ನಾನೂ ಬಂದೆ" ಎನ್ನುತ್ತದೆ. ಆ ಪ್ಲೇಟಿನಲ್ಲಿ ಆ ದನಿಗೆ ಇದ್ದದ್ದು ಅದೊಂದೇ ಸಾಲು. ಮರಿಯಯ್ಯ ಮುಳ್ಳೆತ್ತಿ ಮತ್ತೆ ಅಲ್ಲಿಗೇ ಇಳಿಸುತ್ತಿದ್ದ. ಮೂರನೆಯ ಸಲಕ್ಕೆ ಬೀಡಿ ಸೇದುತ್ತಿದ್ದವರೂ ಮೈಕಿನ ಕಡೆ ತಿರುಗುತ್ತಿದ್ದರು.

ಜನ ಅದನ್ನು ಮರಿಯಯ್ಯನ ಪ್ಲೇಟು ಎಂದು ಕರೆದರು. ಉಡಿಗಾಲದವರೊಬ್ಬರು ಮಗಳ ಮದುವೆಗೆ ಬೇಕೆಂದು ಮೈಸೂರಿನ ಅಂಗಡಿಗಳಲ್ಲೆಲ್ಲ ಅದನ್ನು ಕೇಳಿ ಬಂದರಂತೆ. ಅಂಥ ಪ್ಲೇಟೇ ಇಲ್ಲವೆಂದು ತಿಳಿದು ಅವರಿಗೆ ಮೋಸಹೋದಂತಾಯಿತು. ಗುರುಮಲ್ಲಯ್ಯ ಮಾತ್ರ ಖುಷಿಯಾಗಿದ್ದರು, ದಿನವೂ ಹಾಕು ಎಂದರು. ಎರಡು ವರ್ಷ ಮರಿಯಯ್ಯ ದಿನವೂ ಹಾಕಿದ. ಕೈ ಹೋದ ಮೇಲೆ ಅವನು ನಗುತ್ತಾ ಊಟಕ್ಕೆ ಕೂತದ್ದು ಆ ಎರಡು ವರ್ಷ ಮಾತ್ರ ಎಂದು ಈರಮ್ಮ ಆಮೇಲೆ ಹೇಳುತ್ತಿದ್ದಳು.

ಐವತ್ತಾರರ ಮಾಘದಲ್ಲಿ ಒಂದು ಮಧ್ಯಾಹ್ನ ಐವತ್ತು ದಾಟಿದ ಹೆಂಗಸೊಬ್ಬಳು ಡೇರೆಯ ಒಳಗೆ ಬಂದು ನಿಂತಳು. ಚಾಮರಾಜನಗರದ ಪುಟ್ಟಮಲ್ಲಮ್ಮ ಎಂದು ಹೆಸರು ಹೇಳಿದಳು. ಮುತ್ತುಗದ ಎಲೆ ಹಚ್ಚಿ ಸಂತೆಗೆ ತರುವವಳು. ಹಿಂದಿನ ಸಂತೆಯ ದಿನ ಬಸ್ಸು ತಡವಾಗಿ, ರಸ್ತೆಯಲ್ಲಿ ನಿಂತಿದ್ದಾಗ ಮೈಕಿನಲ್ಲಿ ಆ ಸಾಲು ಕೇಳಿದಳಂತೆ. ಮರಿಯಯ್ಯನಿಗೆ ಆ ಹೆಸರು ಗೊತ್ತಿತ್ತು. ಪ್ಲೇಟಿನ ನಡುವಿನ ಕೆಂಪು ಕಾಗದದ ಮೇಲೆ ಅಚ್ಚಾಗಿದ್ದದ್ದು ಅದೇ. ಹಾಡಿದವರು ಎದುರಿಗೆ ಬಂದು ನಿಲ್ಲಬಹುದೆಂದು ಅವನು ಯಾವತ್ತೂ ಎಣಿಸಿರಲಿಲ್ಲ. ತನ್ನ ಹಾಡನ್ನು ತುಂಡು ಮಾಡಿದ್ದಕ್ಕೆ ಜಗಳಕ್ಕೆ ಬಂದಿರಬೇಕೆಂದುಕೊಂಡು, ತಪ್ಪಾಯಿತು, ಇನ್ನು ಹಾಕುವುದಿಲ್ಲ ಎಂದ.

"ಅದ್ಕಲ್ಲ ಕಣಪ್ಪ ಬಂದಿದ್ದು," ಎಂದಳು ಅವಳು. "ನಾನು ಆ ಪ್ಲೇಟ ಒಂದ್ಸಲನೂ ಪೂರ್ತಿ ಕೇಳಿಲ್ಲ. ಆ ಸಣ್ ದನಿ ನನ್ ತಂಗಿದು. ಮಂಚಿ ಅಂತ. ಮಂಚಮ್ಮ. ಒಸಿ ಹಾಕ್ತೀಯಾ?"

ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮರಿಯಯ್ಯ ಹೊಸ ಮುಳ್ಳು ಹಾಕಿದ. ಕೀ ಕೊಡುವಾಗ ಅವಳು ಉಳಿದದ್ದನ್ನು ಹೇಳಿದಳು. ಬೆಂಗಳೂರಿಗೆ ಪ್ಲೇಟು ತೆಗೆಯುವವರು ಬಂದಿದ್ದಾಗ ತಾವಿದ್ದ ನಾಟಕ ಕಂಪನಿಯ ಯಜಮಾನರು ಅಕ್ಕತಂಗಿ ಇಬ್ಬರನ್ನೂ ಕರೆದುಕೊಂಡು ಹೋಗಿದ್ದರು. ಮಂಚಮ್ಮನಿಗೆ ಆಗ ಹದಿನಾರು. ಮಾರನೆಯ ವರ್ಷ ಪ್ಲೇಗಿನ ಜ್ವರದಲ್ಲಿ ಹೋದಳು. ಒಂದು ಫೋಟೋ ಇಲ್ಲ, ಒಂದು ಸೀರೆ ಉಳಿಸಿಕೊಳ್ಳಲಿಲ್ಲ, ಎಲ್ಲ ಸುಟ್ಟರು.

ಹಾಡು ಶುರುವಾಯಿತು. ಪುಟ್ಟಮಲ್ಲಮ್ಮನ ವಯಸ್ಸಿನ ದನಿ ಗಟ್ಟಿಯಾಗಿ, ಗೀರಿಲ್ಲದೆ ಬಂತು. ಅವಳು ಕುರ್ಚಿಯ ಅಂಚಿಗೆ ಸರಿದಳು. ಮುಳ್ಳು ಸೀಮೆಸುಣ್ಣದ ಗೆರೆಯ ಹತ್ತಿರ ಬಂತು. ಅಲ್ಲಿ ಸರ್ರೆಂದು ಒಗ್ಗರಣೆಯಂಥ ಸದ್ದೆದ್ದಿತು. ಆ ಸದ್ದಿನ ಅಡಿಯಲ್ಲಿ ಯಾರೋ ಗೋಡೆಯಾಚೆ ಮಾತಾಡಿದ ಹಾಗೆ ಏನೋ ಇತ್ತು, ಮಾತಲ್ಲ, ದನಿಯೂ ಅಲ್ಲ. ಸದ್ದು ಮುಗಿದು ಅಕ್ಕನ ಹಾಡು ಮತ್ತೆ ಸ್ವಚ್ಛವಾಗಿ ಮುಂದುವರಿಯಿತು.

ಮರಿಯಯ್ಯ ಪ್ಲೇಟು ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿದ. ಕಪ್ಪು ಪ್ಲೇಟಿನ ನಡುವೆ ಬೆರಳಗಲದಷ್ಟು ಜಾಗ ಬೂದಿಬಣ್ಣವಾಗಿತ್ತು. ದಿನಕ್ಕೆ ಮೂರು ಸಲ, ಎರಡು ವರ್ಷ, ಉಕ್ಕಿನ ಮುಳ್ಳು ಅಲ್ಲೇ ಉತ್ತಿತ್ತು. ಸದ್ದು ಏಳುತ್ತಿದ್ದುದು ಅವನಿಗೆ ಕೇಳಿರಲಿಲ್ಲವೆಂದಲ್ಲ. ದಿನವೂ ಒಂದು ಚೂರು ಸವೆದರೆ ದಿನವೂ ಕೇಳುವ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ. ಅಳಿಸಿಹೋದದ್ದನ್ನು ಅವನ ಮನಸ್ಸು ತುಂಬಿಕೊಳ್ಳುತ್ತಿತ್ತು. ರಸ್ತೆಯಲ್ಲಿ ನಿಂತಿದ್ದ ಅಕ್ಕನ ಮನಸ್ಸೂ ಹಾಗೆಯೇ ತುಂಬಿಕೊಂಡಿರಬೇಕು.

ಪುಟ್ಟಮಲ್ಲಮ್ಮ ಕೇಳಿದಳು:

"ಸವ್ದೋಗದಾ?"

"ನಾನೇ ಸವೆಸ್ಬುಟ್ಟೆ ಕಣವ್ವ."

ಅವಳು ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಮರಿಯಯ್ಯನಿಗೆ.

ಆ ಸಂಜೆ ಅವನು ತಾನು ಕಟ್ಟಿದ್ದನ್ನು ಹಾಕಲಿಲ್ಲ. ಮಾರನೆಯ ದಿನದಿಂದ ಅದೇ ಹಾಡಿನ ಇನ್ನೊಂದು ಪ್ಲೇಟಿಗೆ ಹುಡುಕಾಟ ಶುರುಮಾಡಿದ. ಗ್ರಾಮಫೋನು ಇದ್ದ ಮನೆಗಳೇ ಎಷ್ಟು ಮಹಾ. ಹರವೆಯಲ್ಲಿ ಒಂದು, ತೆರಕಣಾಂಬಿಯಲ್ಲಿ ಎರಡು, ಎಲ್ಲ ಕಡೆ ನಡೆದ. ಬದನಗುಪ್ಪೆಯ ಪಟೇಲರ ಮನೆಯಲ್ಲಿ ಇತ್ತಂತೆ, ಮೊಮ್ಮಕ್ಕಳು ಆಟವಾಡಿ ಒಡೆದಿದ್ದರು. ಚೂರುಗಳನ್ನಾದರೂ ಕೊಡಿ ಎಂದಾಗ ಅವರು ಇವನ ಮುಖ ನೋಡಿ, ಅವನ್ನು ಎಂದೋ ತಿಪ್ಪೆಗೆ ಎಸೆದಾಯಿತು ಎಂದರು. ಮೈಸೂರಿನ ಅಂಗಡಿಯವನು, ಯುದ್ಧದ ಕಾಲದಲ್ಲಿ ಪ್ಲೇಟು ಮಾಡುವ ಅರಗು ಸಿಗದೆ ಹಳೆಯ ಪ್ಲೇಟುಗಳನ್ನು ವಾಪಸು ಕೊಂಡು ಕರಗಿಸಿಬಿಟ್ಟರು, ಅದು ಈಗ ಇನ್ಯಾವುದೋ ಹಾಡಾಗಿರುತ್ತದೆ ಎಂದ.

ಎರಡು ತಿಂಗಳಾದ ಮೇಲೆ ಮರಿಯಯ್ಯನಿಗೆ ಬೇರೆ ದಾರಿ ಹೊಳೆಯಿತು. ಪುಟ್ಟಮಲ್ಲಮ್ಮನದೇ ಇನ್ನೊಂದು ಹಾಡಿನ ಪ್ಲೇಟು ಅವನ ಹತ್ತಿರವಿತ್ತು. ಅದರಲ್ಲೂ "ನಾನೂ" ಎಂಬ ಮಾತಿತ್ತು, "ಬಂದೆ" ಎಂಬ ಮಾತಿತ್ತು. ತಿರುಪು ಬಿಗಿದು ವೇಗ ಏರಿಸಿದರೆ ದನಿ ಎಳೆಯದಾಗುತ್ತಿತ್ತು. "ಅಕ್ಕಾ, ನಿಲ್ಲೇ" ಎಂಬುದನ್ನೂ ಅದರಲ್ಲೇ ಹುಡುಕಿ ಹಿಡಿದ. ದಿನಗಟ್ಟಲೆ ಕೂತು ಮುಳ್ಳೆತ್ತಿ ಇಳಿಸಿದ ಮೇಲೆ ಕೊನೆಗೆ ಸಾಲು ಕೂಡಿಕೊಂಡಿತು. ಅವನು ಇದುವರೆಗೆ ಕಟ್ಟಿದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು. ಗುರುಮಲ್ಲಯ್ಯನವರಿಂದ ಇನ್ನೊಂದು ಗ್ರಾಮಫೋನು ಕೇಳಿ ಪಡೆದು, ಎರಡನ್ನೂ ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿಕೊಂಡು ಚಾಮರಾಜನಗರಕ್ಕೆ ಹೋದ.

ರೈಲ್ವೆ ಸ್ಟೇಷನ್ನಿನ ಹಿಂದಿನ ಸಾಲಿನಲ್ಲಿ ಅವಳ ತಮ್ಮನ ಮನೆ. ಜಗುಲಿಯ ತುಂಬ ಮುತ್ತುಗದ ಎಲೆ ಹರಡಿಕೊಂಡು ಕಡ್ಡಿಯಿಂದ ಹಚ್ಚುತ್ತಿದ್ದಳು. ಮರಿಯಯ್ಯ ಏನೂ ಹೇಳದೆ ಎರಡು ಗ್ರಾಮಫೋನನ್ನೂ ಇಟ್ಟು, ಕೀ ಕೊಟ್ಟು ನುಡಿಸಿದ. ಅಕ್ಕನ ಹಾಡು, ಅದರ ಹಿಂದೆಯೇ ಎಳೆಯ ದನಿ, ಮತ್ತೆ ಅಕ್ಕನ ಹಾಡು. ಎಲ್ಲೂ ತಡವರಿಸಲಿಲ್ಲ.

ಪುಟ್ಟಮಲ್ಲಮ್ಮ ಇನ್ನೊಮ್ಮೆ ಹಾಕಿಸಿದಳು. ಕೇಳಿ ಮುಗಿದ ಮೇಲೆ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು.

"ಇದು ನಾನೇ ಅಲ್ವಾ? ಓಡಿಸಿ ಓಡಿಸಿ ನನ್ ದನಿನೇ ಸಣ್ಣ ಮಾಡಿದಿಯ."

ಅವನು ಹೌದೆಂದ.

"ಚೆನ್ನಾಗದೆ ಕಣಪ್ಪ. ಬ್ಯಾರೆಯವ್ರು ಕೇಳುದ್ರೆ ತಿಳಿಯಕ್ಕಿಲ್ಲ. ಆದ್ರೆ ನಂಗೆ ಅದೇ ಕಷ್ಟ ಆಗಿರೋದು. ಮಂಚಿ ಹೋದಾಗಿಂದ ಆ ಸಾಲ ನಾನೇ ಮನಸ್ನಲ್ಲಿ ಹಾಡ್ಕಂಡು ಹಾಡ್ಕಂಡು, ಯಾವುದು ಅವಳ ದನಿ, ಯಾವುದು ನಂದು ಅಂತ ಮರ್ತೋಯ್ತು. ಅದ್ಕೇ ಗುಂಡ್ಲುಪೇಟೆಗೆ ಬಂದಿದ್ದು. ಇಲ್ಲೂ ನಾನೇ ಇವ್ನಿ."

ಮರಿಯಯ್ಯ ಪ್ಲೇಟುಗಳನ್ನು ಎತ್ತಿ ಗೋಣಿಯ ಮೇಲಿಟ್ಟ. ಆಗ ಅವಳೇ ಕೇಳಿದಳು.

"ನೀನು ಅದು ಚೆನ್ನಾಗಿದ್ದಾಗ ಕೇಳಿದಿಯಲ್ಲ. ಹೆಂಗಿತ್ತು ಹೇಳು."

ಅವನು ಕಣ್ಣು ಮುಚ್ಚಿದ. ಅವನ ಕಿವಿಯಲ್ಲಿ ಅದು ಇನ್ನೂ ಹೊಚ್ಚಹೊಸದಾಗಿಯೇ ಇತ್ತು. "ಅಕ್ಕಾ" ಎನ್ನುವಾಗ ಸರಿಯಾದ ಜಾಗಕ್ಕೆ ಒಂದು ಚೂರು ತಡವಾಗಿ ಬರುತ್ತಾಳೆ, ಓಡಿಬಂದವಳ ಹಾಗೆ, ಎಂದ. "ನಾನೂ" ಎನ್ನುವ ಮುಂಚೆ ಉಸಿರು ತೆಗೆದುಕೊಂಡದ್ದು ಕೇಳುತ್ತದೆ. ಮೂಗು ಸ್ವಲ್ಪ ಕಟ್ಟಿದಂತಿದೆ. ಕೊನೆಯ "ಬಂದೆ"ಯಲ್ಲಿ ಶ್ರುತಿ ಒಂದೆಳೆ ಇಳಿದುಬಿಡುತ್ತದೆ, ತಪ್ಪೇ ಅದು, ಆದರೆ ಆ ತಪ್ಪಿಗೇ ನಾನು ಆ ಸಾಲನ್ನು ಆರಿಸಿದ್ದು, ಎಂದ.

"ಇಳೀತಿತ್ತು," ಎಂದಳು ಪುಟ್ಟಮಲ್ಲಮ್ಮ. "ನಾಟ್ಕದ ಮೇಷ್ಟ್ರು ಅದ್ಕೇ ಬೈಯ್ಯೋರು. ಅದು ನಂಗೆ ಮರ್ತೇ ಹೋಗಿತ್ತು."

ಅವನಿಗೆ ಅದನ್ನು ಹಾಡಿ ತೋರಿಸಲು ಗಂಟಲಿರಲಿಲ್ಲ, ನುಡಿಸಿ ತೋರಿಸಲು ಬೆರಳಿರಲಿಲ್ಲ. ಮತ್ತೆ ಮತ್ತೆ ಬಾಯಿಮಾತಿನಲ್ಲೇ ಹೇಳಿದ. ಅವಳು ಒಂದೊಂದನ್ನೂ ಕೇಳಿಕೊಂಡು, ಮಧ್ಯೆ ಒಮ್ಮೆ ಜೋರಾಗಿ ಅತ್ತಳು. ಹೊರಡುವಾಗ ಅವನಿಗೆ ಊಟ ಬಡಿಸಿದಳು.

ಗುಂಡ್ಲುಪೇಟೆಗೆ ಬಂದ ಮೇಲೆ ಮರಿಯಯ್ಯ ಪ್ಲೇಟುಗಳನ್ನು ಇದ್ದ ಹಾಗೆಯೇ, ಮೊದಲಿನಿಂದ ಕೊನೆಯವರೆಗೆ ಹಾಕತೊಡಗಿದ. ಜನ ಕೆಲವು ವಾರ ಮರಿಯಯ್ಯನ ಪ್ಲೇಟು ಹಾಕೆಂದು ಕೂಗಿದರು, ಆಮೇಲೆ ಮರೆತರು. ಗುರುಮಲ್ಲಯ್ಯ ಕಾರಣ ಕೇಳಿದಾಗ ಸವೆದುಹೋಯಿತು ಎಂದಷ್ಟೇ ಹೇಳಿದ. ಮಳೆಗಾಲಕ್ಕೆ ಡೇರೆ ಬಿಚ್ಚಿ ನಂಜನಗೂಡಿನ ಕಡೆಗೆ ಹೊರಟಾಗ ಅವನು ಜೊತೆಗೆ ಹೋಗಲಿಲ್ಲ. ಹರವೆಯಲ್ಲಿ ಈರಮ್ಮನ ಜೊತೆ ರಾಗಿ ಹೊಲದ ಕಳೆ ತೆಗೆಯುವ ಕೆಲಸಕ್ಕೆ ನಿಂತ. ಕಳೆ ಕೀಳುವಾಗ ಅವನು ಆಗಾಗ ಕೈ ನಿಲ್ಲಿಸಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದನೆಂದೂ, ಏನೆಂದು ಕೇಳಿದರೆ ಹೇಳುತ್ತಿರಲಿಲ್ಲವೆಂದೂ ಈರಮ್ಮ ಹೇಳುತ್ತಿದ್ದಳು.