ಹದಿನಾಲ್ಕು ಮಂದಿಗೆ ಒಂದೇ ಊರು

ಪಾರ್ಕ್ ರಾಯಲ್‌ನಲ್ಲಿರುವ ನಮ್ಮ ಲ್ಯಾಬಿಗೆ ಗಿರಾಕಿಗಳು ಬರುವುದಿಲ್ಲ, ಅವರ ಎಂಜಲು ಬರುತ್ತದೆ. ಬೆರಳುದ್ದದ ಕೊಳವೆ, ಅದರ ಮೇಲೊಂದು ನಂಬರು. ಅದರಿಂದ ಡಿಎನ್‌ಎ ತೆಗೆದು, ಆಫ್ರಿಕಾದ ಯಾವ ಭಾಗದ ಜನರನ್ನು ಎಷ್ಟು ಹೋಲುತ್ತದೆ ಎಂದು ಲೆಕ್ಕ ಹಾಕಿ ವರದಿ ಬರೆಯುವುದು ನನ್ನ ಕೆಲಸ. ಆರು ವರ್ಷಗಳಲ್ಲಿ ಒಬ್ಬ ಗಿರಾಕಿಯ ಮುಖವನ್ನೂ ನೋಡಿರಲಿಲ್ಲ. ಹಾಗಾಗಿ ಮಾಲೀಕ ಉದಯಶಂಕರ್, "ಶನಿವಾರ ಏರ್‌ಪೋರ್ಟ್ ಹತ್ತಿರದ ಹೌನ್ಸ್ಲೋ ಹೋಟೆಲಿಗೆ ಬನ್ನಿ ಸುವರ್ಣಾ. ವಿಜ್ಞಾನಿ ಕೈಯಿಂದಾನೇ ಸರ್ಟಿಫಿಕೇಟ್ ಕೊಡಿಸಿದ್ರೆ ಅದಕ್ಕೊಂದು ತೂಕ ಇರತ್ತೆ" ಎಂದಾಗ ಖುಷಿಯಿಂದಲೇ ಹೋದೆ.

ಬಂದಿದ್ದವರು ಹದಿನಾಲ್ಕು ಮಂದಿ ಗಲ್ಲಾ-ಗೀಚಿಗಳು. ಅಮೆರಿಕದ ಸೌತ್ ಕೆರೊಲಿನಾ ಮತ್ತು ಜಾರ್ಜಿಯಾ ಕರಾವಳಿಯ ದ್ವೀಪಗಳ ಕಪ್ಪು ಜನ. ಇವರ ಪೂರ್ವಜರಲ್ಲಿ ಹಲವರನ್ನು, ಬತ್ತ ಬೆಳೆಯಲು ಬಲ್ಲವರೆಂದೇ, ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದು ಅಲ್ಲಿನ ಗದ್ದೆಗಳ ಧಣಿಗಳಿಗೆ ಮಾರಿದ್ದರು. ಯಾರ ಊರು ಯಾವುದೆಂದು ಯಾರೂ ಬರೆದಿಡಲಿಲ್ಲ. ಆ ಊರನ್ನು ಹುಡುಕಿ ಕರೆದೊಯ್ಯುತ್ತೇವೆ ಎಂಬುದು ನಮ್ಮ ಕಂಪನಿಯ ಜಾಹೀರಾತು. ಅದನ್ನು ನಾನು ಓದಿದ್ದೇ ಅವತ್ತು, ಹೋಟೆಲಿನ ಬಾಗಿಲಲ್ಲಿ ನಿಲ್ಲಿಸಿದ್ದ ಬ್ಯಾನರಿನ ಮೇಲೆ. ಮರುದಿನ ಬೆಳಿಗ್ಗೆ ಅವರೆಲ್ಲ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹಾರುವವರಿದ್ದರು.

ಮುಂದಿನ ಸಾಲಿನಲ್ಲಿ ವರ್ಡೆಲ್ ಎಂಬ ಎಪ್ಪತ್ತೆಂಟರ ಹೆಂಗಸು ತೊಡೆಯ ಮೇಲೆ ತಗಡಿನ ಡಬ್ಬಿ ಇಟ್ಟುಕೊಂಡು ಕೂತಿದ್ದರು.

"ಇದು ನಮ್ಮಮ್ಮನ ಗೋರಿಯ ಮಣ್ಣು" ಎಂದರು ನನಗೆ. "ನಮ್ಮೂರು ಸಿಕ್ಕಿದರೆ ನನ್ನ ಒಂದು ಹಿಡಿ ಅಲ್ಲಿಗೆ ಸೇರಿಸು ಅಂದಿದ್ದಳು. ಬೇರೇನೂ ಕೇಳಿದವಳಲ್ಲ. ಯಾವೂರು ಅಂತ ಓದಿ ಹೇಳು ಮಗು, ಕನ್ನಡಕ ರೂಮಲ್ಲಿದೆ."

ಉದಯಶಂಕರ್ ನನ್ನ ಕೈಗಿಟ್ಟಿದ್ದ ಸರ್ಟಿಫಿಕೇಟುಗಳ ಕಟ್ಟಿನಿಂದ ಅವರ ಚಿನ್ನದ ಅಂಚಿನ ಕಾಗದ ತೆರೆದೆ. ಊರು: ಮಸೇಂಬೆ. ಕೆಳಗೆ, ನನ್ನ ವರದಿಯಿಂದ ಎತ್ತಿ ಹಾಕಿದ ನನ್ನ ಸಹಿ. ಎರಡನೆಯದನ್ನು ತೆರೆದೆ, ಮಸೇಂಬೆ. ಮೂರನೆಯದೂ. ಹದಿನಾಲ್ಕೂ.

ನಾನು ಬರೆದುಕೊಟ್ಟಿದ್ದೇ ಬೇರೆ. ಒಂಬತ್ತು ಮಂದಿಗೆ ಸಿಯೆರಾ ಲಿಯೋನ್–ಲೈಬೀರಿಯಾ ತೀರ, ಮೂವರಿಗೆ ಬಲು ದೂರದ ಅಂಗೋಲಾ ಕಡೆ, ಇಬ್ಬರಿಗೆ ಏನೂ ಖಚಿತವಿಲ್ಲ. ಪ್ರತಿ ವರದಿಯ ಕೊನೆಗೂ ಒಂದು ಸಾಲು: ಇದಕ್ಕಿಂತ ಚಿಕ್ಕ ಪ್ರದೇಶವನ್ನು ಈ ಮಾಹಿತಿಯಿಂದ ಹೇಳಲಾಗದು. ಸಿಯೆರಾ ಲಿಯೋನ್‌ನಿಂದ ನಮ್ಮಲ್ಲಿ ಹೋಲಿಕೆಗೆ ಇರುವುದು ಅರವತ್ತೆರಡು ಮಾದರಿ, ಅಷ್ಟೂ ರಾಜಧಾನಿಯಲ್ಲಿ ಸಂಗ್ರಹಿಸಿದ್ದು. ಮಸೇಂಬೆ ಎಂಬ ಹೆಸರನ್ನೇ ನಾನು ಕೇಳಿರಲಿಲ್ಲ.

"ಏನ್ರೀ ಸರ ಇದು? ಹದಿನಾಲ್ಕೂ ಮಂದಿಗೆ ಒಂದ ಊರು ಹ್ಯಾಂಗ ಬಂತ್ರೀ?" ಎದುರಿದ್ದವರಿಗೆ ತಿಳಿಯಬಾರದೆಂದು ಕನ್ನಡದಲ್ಲಿ, ನಗುನಗುತ್ತಲೇ ಕೇಳಿದೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

"ಟೂರಿನ ಕೋಚ್ ಬಸ್ ಹೋಗೋದು ಅಲ್ಲಿಗೇ ಕಣ್ರೀ" ಎಂದರು ಉದಯಶಂಕರ್, ಅವರೂ ನಗುತ್ತಲೇ. "ರೋಡ್ ಚೆನ್ನಾಗಿದೆ, ಊಟದ ಹೊತ್ತಿಗೆ ತಲುಪತ್ತೆ. ಹದಿನಾಲ್ಕು ಊರಿಗೆ ಹದಿನಾಲ್ಕು ಕೋಚ್ ಬಿಡೋಕಾಗತ್ತಾ?"

"ಮೂರು ಮಂದಿ ಅಂಗೋಲಾ ಕಡೆಯವರು ಅದಾರ್ರೀ!"

"ನಗ್ತಾ ಇರಿ, ಫೋಟೋ ತೆಗೀತಿದಾರೆ. ಅಲ್ಲೊಬ್ರು ಅಜ್ಜೀನ ಗೊತ್ತು ಮಾಡಿದೀವಿ. ಒಬ್ಬೊಬ್ಬರ ಹೆಸರೂ ಕರೆದು, ತಬ್ಕೊಂಡು ಅಳ್ತಾರೆ. ಬಂದವರಿಗೂ ಒಂದು ನೆಮ್ಮದಿ. ನಿಮಗೇನ್ರೀ ನಷ್ಟ?"

"ಕೆಳಗ ನನ್ನ ಸಹಿ ಅದರೀ."

"ಅದಕ್ಕೇ ತೂಕ ಅಂದಿದ್ದು."

"ನಮ್ಮೆದುರಿಗೇ ಗುಟ್ಟು ಮಾತಾಡ್ತಿದೀರಲ್ಲ" ಎಂದರು ವರ್ಡೆಲ್. "ನಮ್ಮ ವಿಷಯಾನೇ ತಾನೆ?"

ಉದಯಶಂಕರ್ ಕೈ ಚಾಚಿ ಇಂಗ್ಲಿಷಿನಲ್ಲಿ ಸಾರಿದರು: "ಸಂತೋಷದ ಸುದ್ದಿ! ನೀವೆಲ್ಲ ಒಂದೇ ಊರಿನವರು. ಬಂಧುಗಳು!"

ಹಿಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಬಿಕ್ಕತೊಡಗಿದರು. ಅವರಲ್ಲೊಬ್ಬರ ಕೊರಳ ಬ್ಯಾಡ್ಜಿನ ಮೇಲಿದ್ದ ನಂಬರು ನನಗೆ ನೆನಪಿತ್ತು, ಅಂಗೋಲಾ ಕಡೆಯದು. ಇನ್ನು ನನ್ನಿಂದ ತಡೆಯಲಾಗಲಿಲ್ಲ. ಒಂಬತ್ತು, ಮೂರು, ಎರಡು, ಕಿತ್ತುಹಾಕಿದ ಕೊನೆಯ ಸಾಲು, ಕೋಚಿನ ರಸ್ತೆ, ಅಳಲು ಗೊತ್ತು ಮಾಡಿದ ಅಜ್ಜಿ, ಎಲ್ಲವನ್ನೂ ಹೇಳಿಬಿಟ್ಟೆ.

ಬಿಕ್ಕುತ್ತಿದ್ದವರು ಕೈ ಬಿಟ್ಟು ದೂರ ಸರಿದರು. ಕೋಟು ತೊಟ್ಟ ಮುದುಕರೊಬ್ಬರು ಎದ್ದು ಬಂದು, ನನ್ನ ಕೈಯಲ್ಲಿದ್ದ ಕಟ್ಟಿನಿಂದ ತಮ್ಮ ಸರ್ಟಿಫಿಕೇಟನ್ನು ಹುಡುಕಿ ತೆಗೆದು ಮಡಚಿ ಜೇಬಿಗಿಟ್ಟುಕೊಂಡರು. "ನನಗೆ ಇದೇ ಸಾಕು. ಎಪ್ಪತ್ತು ವರ್ಷ ಊರಿಲ್ಲದೆ ಕಳೆದಿದೀನಿ. ಸಿಕ್ಕಿದ್ದನ್ನೂ ಕಿತ್ಕೋಬೇಡಮ್ಮ."

ವರ್ಡೆಲ್ ಸಿಟ್ಟಾದದ್ದು ಮೊದಲು ನನ್ನ ಮೇಲೆ.

"ನಮ್ಮ ಎಂಜಲು ನಿನ್ನ ಹತ್ತಿರ ಎಷ್ಟು ದಿನ ಇತ್ತು?"

"ಮೂರು ತಿಂಗಳು."

"ಈ ಜನ ಇದನ್ನ ತಗೊಂಡು ಏನು ಮಾಡ್ತಾರೆ ಅಂತ ಒಂದು ಸಲಾನೂ ಕೇಳಲಿಲ್ಲ?"

"ನನಗೆ ಬರ್ತಿದ್ದಿದ್ದು ಬರೀ ನಂಬರು."

"ನಮಗೆ ನಂಬರು ಹಾಕಿದವರಲ್ಲಿ ನೀನೇ ಮೊದಲಿನವಳಲ್ಲ ಬಿಡು."

ಆಮೇಲೆ ಉದಯಶಂಕರ್ ಕಡೆ ತಿರುಗಿದರು. "ಅಳೋಕೆ ಇಟ್ಟಿದೀರಲ್ಲ, ಆಕೆಗೆ ಫೋನ್ ಹಚ್ಚಿ."

ಅಲ್ಲಿ ಸಿಗ್ನಲ್ ಇರುವುದಿಲ್ಲ ಎಂದರು ಉದಯಶಂಕರ್, ಈಗ ಊಟದ ಹೊತ್ತು ಎಂದರು. ವರ್ಡೆಲ್ ಅವರೆದುರು ನಿಂತೇ ಇದ್ದರು. ಕೊನೆಗೆ ಮಸೇಂಬೆಯ ಗೈಡ್ ಫೋನೆತ್ತಿ, ಆ ಅಜ್ಜಿಯನ್ನು ಕರೆತಂದ. ಸ್ಪೀಕರ್ ಹಾಕಿಸಿದ ವರ್ಡೆಲ್, ನಮ್ಮೊಡನೆ ಆಡುತ್ತಿದ್ದ ಇಂಗ್ಲಿಷನ್ನು ಬಿಟ್ಟು ತಮ್ಮ ದ್ವೀಪದ ಮಾತಿಗಿಳಿದರು. ಆ ಕಡೆಯಿಂದ ಸಿಯೆರಾ ಲಿಯೋನ್‌ನ ಕ್ರಿಯೋ ನುಡಿಯಲ್ಲಿ ಉತ್ತರ ಬಂತು. ಎರಡೂ ಇಂಗ್ಲಿಷ್ ಬೆರೆತ, ಹತ್ತಿರದ ನುಡಿಗಳೆಂದು ಓದಿದ್ದೆ. ನನಗೆ ಅರ್ಧ ತಿಳಿಯಿತು, ಅವರಿಬ್ಬರಿಗೆ ಎಲ್ಲವೂ.

"ಈ ವರ್ಷ ಎಷ್ಟು ಸಲ ಅತ್ತಿದೀ ತಾಯಿ?"

"ಒಂಬತ್ತು ಸಲ. ಹೆಸರು ಬರೆದು ಕೊಡ್ತಾರೆ, ಕರೀತೀನಿ. ನಿನ್ನದೂ ಬಂದಿದೆ."

ವರ್ಡೆಲ್ ಡಬ್ಬಿಯ ವಿಷಯ ಹೇಳಿದರು.

"ನಮ್ಮ ಸ್ಮಶಾನಕ್ಕೆ ತರಬೇಡ" ಎಂದಿತು ಅಜ್ಜಿಯ ಧ್ವನಿ. "ಅಲ್ಲಿ ಮಲಗಿರೋರು ನಿನ್ನವರೋ ಅಲ್ಲವೋ ನನಗೆ ಗೊತ್ತಿಲ್ಲ. ಸುಳ್ಳಿಗೆ ಅಳಬಹುದು, ಸುಳ್ಳಿಗೆ ಹೂಳಬಾರದು. ನಿಮ್ಮವರನ್ನ ಹಡಗಿಗೆ ಹತ್ತಿಸಿದ ದಡ ಇದೆ. ಅಲ್ಲಿಗೆ ಬಾ. ನಾನೂ ಬರ್ತೀನಿ. ಈ ಗೈಡನ್ನ ಕರಕೊಂಡು ಬರಲ್ಲ."

ವರ್ಡೆಲ್ ಫೋನ್ ಇಟ್ಟು ನನ್ನತ್ತ ನೋಡಿದರು. "ನಿನ್ನ ಲೆಕ್ಕ ಹೇಳಿದ್ದೂ ದಡ ಅಂತಲೇ ತಾನೆ?"

"ಹೌದು. ಆ ಒಂಬತ್ತು ಮಂದಿಯಲ್ಲಿ ನೀವೂ ಒಬ್ಬರು. ಅದಕ್ಕಿಂತ ಒಳಗೆ ಹೋಗೋಕೆ ನನಗೆ ಆಗಲಿಲ್ಲ."

ಉದಯಶಂಕರ್ ನನ್ನ ಕಿವಿಯ ಹತ್ತಿರ ಬಾಗಿದರು. ಅವರ ಮುಖ ಅರಳಿತ್ತು. "ಸುವರ್ಣಾ, ಇದು ಇನ್ನೂ ಸೂಪರಾಗಿದೆ ಕಣ್ರೀ. ಯಾವ ದಡ ಅಂತ ಕೇಳಿ ಬರ್ಕೊಳ್ಳಿ. ಮುಂದಿನ ಬ್ಯಾಚಿಗೆ ಸನ್‌ಸೆಟ್ ಟೈಮಿಗೆ ಇದನ್ನೇ ಇಡೋಣ. ಅಜ್ಜಿ ಹೇಗೂ ಇದಾರೆ, ಬೇಕಾದ್ರೆ ಮಣ್ಣಿನ ಡಬ್ಬಿ ನಾವೇ ಕೊಡೋಣ."

"ಏನಂತೆ?" ಎಂದರು ವರ್ಡೆಲ್.

ಒಂದು ಪದವನ್ನೂ ಬಿಡದೆ, ಹದಿನಾಲ್ಕು ಮಂದಿಗೂ ಕೇಳುವಂತೆ, ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದೆ.