ಕೊರೆಯದೆ ಬಿಟ್ಟ ಗುಳಿಗಳು

“ಏಯ್, ಆ ಬಕೆಟ್ ಹಿಡ್ಕೊಂಡು ದೂರ ನಿಲ್ಲೇ! ನಾತಕ್ಕೆ ವಾಂತಿ ಬರ್ತಿದೆ,” ಇಂಜಿನಿಯರ್ ಕರ್ಚೀಫನ್ನು ಮೂಗಿಗೊತ್ತಿದ.

“ನಾತ ನಂದಲ್ಲ ಸ್ವಾಮಿ, ನಿಮ್ ಪೈಪಿಂದು,” ಎಂದಳು ಅಕ್ಕ. “ಮೊನ್ನೆಯಿಂದ ನಮ್ ಗಲ್ಲೀಲಿ ಕಕ್ಕಸೆಲ್ಲ ಉಕ್ತಾ ಇದೆ. ಕೂಸಿನ ಹಾಸಿಗೆವರೆಗೂ ಬಂತು.”

“ಕಳ್ಳ ಕನೆಕ್ಷನ್ ಹಾಕ್ಕೊಂಡು ನ್ಯಾಯ ಬೇರೆ ಕೇಳ್ತೀಯ? ಹೊಲಸು ಮುಂಡೇವು!”

ವ್ಯಾನಿನೊಳಗೆ ಪರದೆಯ ಮುಂದೆ ಕೂತಿದ್ದ ಅವಳ ತಮ್ಮನಿಗೆ ಎಲ್ಲವೂ ಕೇಳುತ್ತಿತ್ತು. ರಸ್ತೆ ಅಗೆಯದೆ ಹಳೆಯ ಒಳಚರಂಡಿ ರಿಪೇರಿ ಮಾಡುವ ಕೆಲಸ ಅವರದು. ರಾಳದಲ್ಲಿ ನೆನೆಸಿದ ಉದ್ದನೆಯ ಬಟ್ಟೆಚೀಲವನ್ನು ಪೈಪಿನೊಳಗೆ ನುಗ್ಗಿಸಿ, ಉಬ್ಬಿಸಿ, ಹಬೆ ಕೊಟ್ಟರೆ ಅದೇ ಗಟ್ಟಿಯಾಗಿ ಹೊಸ ಪೈಪಾಗುತ್ತದೆ. ಮನೆಗಳಿಂದ ಬಂದು ಸೇರುವ ಪೈಪುಗಳ ಬಾಯನ್ನೂ ಅದು ಮುಚ್ಚಿಬಿಡುತ್ತದೆ. ಬಾಯಿದ್ದ ಕಡೆ ಸಣ್ಣ ಗುಳಿಯೊಂದು ಉಳಿಯುತ್ತದೆ. ಯಂತ್ರವನ್ನು ಒಳಗೆ ಬಿಟ್ಟು, ಕ್ಯಾಮೆರಾದಲ್ಲಿ ನೋಡುತ್ತ ಅದನ್ನು ಕೊರೆದು ಬಾಯಿ ತೆರೆಯಬೇಕು. ಕೊರೆಯುವವನು ಅವನೇ.

ದೊಡ್ಡ ಮನೆಗಳದ್ದು ಮುಗಿದ ಮೇಲೆ ಗಲ್ಲಿಯ ಗುಳಿಗಳು ಬಂದಿದ್ದವು. “ಅವು ಬೇಡ, ಮುಂದೆ ಹೋಗು,” ಎಂದಿದ್ದ ಇಂಜಿನಿಯರ್. ತಾನು ಹುಟ್ಟಿ ಬೆಳೆದ ಮನೆಯ ಗುಳಿ ಪರದೆಯ ಮೇಲೆ ಮಗುವಿನ ಕೆನ್ನೆಯ ಗುಳಿಯಂತೆ ಮೂಡಿತ್ತು. ಕೆಲಸ ಹೋದೀತೆಂದು ಅವನು ತುಟಿಪಿಟಿಕ್ಕೆನ್ನದೆ ಮುಂದೆ ಹೋಗಿದ್ದ.

ಅಕ್ಕ ವ್ಯಾನಿನ ಕಿಟಕಿಗೆ ಬಂದಳು. “ನೀನಾದ್ರೂ ಹೇಳೋ. ನಮ್ ಹುಡುಗ ಅಲ್ಲಿದಾನೆ, ಅನ್ಯಾಯ ಆಗಕ್ಕೆ ಬಿಡಲ್ಲ ಅಂತ ಗಲ್ಲಿಗೆಲ್ಲ ಹೇಳ್ಕೊಂಡ್ ಬಂದಿದೀನಿ.”

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.

ಇಂಜಿನಿಯರ್ ಬಕೆಟ್ಟನ್ನು ಬೂಟುಗಾಲಲ್ಲಿ ಒದ್ದ. ಕೊಳಚೆ ಅಕ್ಕನ ಮೊಣಕಾಲಿನವರೆಗೂ ಸಿಡಿಯಿತು. ಅವಳು ಹಿಂದೆ ಸರಿಯಲಿಲ್ಲ.

ಯಂತ್ರ ಇನ್ನೂ ಪೈಪಿನೊಳಗೇ ಇತ್ತು. ತಮ್ಮ ಅದನ್ನು ಹಿಂದಕ್ಕೆ ನಡೆಸಿದ.

“ಏಯ್, ಏನೋ ಮಾಡ್ತಿದೀಯ?”

“ಬಿಟ್ಟೋಗಿದ್ದು ಕೊರೀತಿದೀನಿ ಸಾರ್.”

“ಕೆಲಸದಿಂದ ಕಿತ್ತಾಕ್ತೀನಿ ಬೋಳಿಮಗನೆ!” ಇಂಜಿನಿಯರ್ ಯಂತ್ರದ ಕೇಬಲ್ಲಿಗೆ ಕೈಹಾಕಿದ.

“ನನ್ನ ಕಿತ್ತಾಕಿ. ಕೇಬಲ್ ಮಾತ್ರ ಕೀಳ್ಬೇಡಿ. ಯಂತ್ರ ಒಳಗೇ ಸಿಕ್ಕಾಕ್ಕೊಂಡ್ರೆ ನಿಮ್ ಮೇಲಿನ ಸಾಹೇಬ್ರ ದೊಡ್ಡ ಮನೆ ಮುಂದೇನೇ ರಸ್ತೆ ಅಗೀಬೇಕಾಗ್ತದೆ.”

ಇಂಜಿನಿಯರ್ ಕೈ ಗಾಳಿಯಲ್ಲೇ ನಿಂತಿತು.

ಬ್ಲೇಡು ಕಚ್ಚಿತು. ತಡೆದು ನಿಂತಿದ್ದುದೆಲ್ಲ ಕ್ಯಾಮೆರಾದ ಮೇಲೆ ಧುಮುಕಿ ಪರದೆ ಕಪ್ಪಾಯಿತು. ಗಲ್ಲಿಯಿಂದ ಯಾರೋ ಕೂಗಿದರು: “ಇಳೀತು! ಇಳೀತು ಕಣ್ರೋ!”

ಅಕ್ಕ ಕಿಟಕಿಯೊಳಗೆ ಕೈಚಾಚಿ ಅವನ ತಲೆ ಸವರಿದಳು. “ನೀನು ನನ್ ತಮ್ಮ ಕಣೋ. ಇದನ್ನ ಮುಚ್ಚಿಟ್ಟು ಹೋದ ಪಾಪಿ ಯಾವನೋ, ಅವನ ಕೈಗೆ ಹುಳ ಬೀಳ!”

ಅವನ ಕೈ ಮುಂದಿನ ಗುಳಿಯನ್ನು ಹುಡುಕುತ್ತಿತ್ತು.